ಮಣಿಕಟ್ಟು ಹಿಡಿಯುತ್ತಿದ್ದವರು

ಅವರು ಯಾರಿಗೂ ಕೈ ಕುಲುಕುತ್ತಿರಲಿಲ್ಲ. ಯಾರಾದರೂ ಕೈ ಚಾಚಿದರೆ ಅಂಗೈ ಬಿಟ್ಟು ಮಣಿಕಟ್ಟನ್ನು ಹಿಡಿಯುತ್ತಿದ್ದರು. ಎರಡು ಬೆರಳು, ಹೆಬ್ಬೆರಳಿನ ಬುಡದ ಕೆಳಗೆ. ಹಿಡಿದ ಮೇಲೆ ಎದುರಿಗಿದ್ದವರ ಮುಖ ನೋಡದೆ ಕಿಟಕಿಯ ಆಚೆ ನೋಡುತ್ತಾ ನಿಲ್ಲುತ್ತಿದ್ದರು. ಹದಿನೈದು ಸೆಕೆಂಡು. ಆಮೇಲೆ ಬಿಟ್ಟು, "ಹ್ಞಾ, ವಣಕ್ಕಂ, ಕೂತ್ಕೊಳಿ," ಎನ್ನುತ್ತಿದ್ದರು. ಮೊದಲ ಸಲ ಬಂದವರು ಆ ಹದಿನೈದು ಸೆಕೆಂಡಿನಲ್ಲಿ ಬೆವರುತ್ತಿದ್ದರು. ನಾನೂ ಬೆವರಿದ್ದೆ. ನನ್ನ ದಿನಚರಿಯಲ್ಲಿ ಜುಲೈ 3ರ ಪುಟದ ಮೊದಲ ಸಾಲು ಹೀಗಿದೆ: "ಕೆಲಸಕ್ಕೆ ಸೇರಿದೆ. ಸಾರ್ ನನ್ನ ನಾಡಿ ಹಿಡಿದರು. 26. ಅಂದರೆ ನಿಮಿಷಕ್ಕೆ 104. 'ನನ್ನ ನೋಡಿ ಭಯಾನಾ, ಊರು ನೋಡಿ ಭಯಾನಾ?' ಎಂದು ಕೇಳಿದರು."

ದಾವಣಗೆರೆಯಿಂದ ನಾನು ಕೊಯಮತ್ತೂರಿಗೆ ಬಂದದ್ದು ಒಂದು ದೈಹಿಕ ಶಿಕ್ಷಣ ಕಾಲೇಜಿನ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ. ಅವರು ಅಲ್ಲಿನ ತಂತ್ರಜ್ಞರು. ವಯಸ್ಸು ಐವತ್ತೆಂಟು, ನಿವೃತ್ತಿಗೆ ಇನ್ನೆರಡು ವರ್ಷ. ಅವರ ಮನೆಯವರು ಮೂರು ತಲೆಮಾರಿನಿಂದ ಆರ್.ಎಸ್. ಪುರಂನಲ್ಲಿದ್ದ ಕನ್ನಡದವರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ನನ್ನ ದಿನಚರಿಯನ್ನು ತಿರುಗಿಸಿ ಹಿಡಿದು, "ಏನ್ ಕಣ್ಣು ಇದು, ಮುರುಕು ಹಿಂಡಿಟ್ಟ ಹಾಗಿದೆ," ಎನ್ನುವರು. ಆ ಕಡೆ ಚಿಕ್ಕವರನ್ನು ಅಕ್ಕರೆಯಿಂದ ಕರೆಯುವುದೇ ಕಣ್ಣು ಎಂದು. ಅಂಕಿಗಳನ್ನು ಮಾತ್ರ ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಅವುಗಳ ಮೇಲೆ ಬೆರಳಾಡಿಸಿ, "ನನಗೆ ನಂಬರ್ ಇದ್ರೆ ಸಾಕು," ಎನ್ನುವರು.

ಪ್ರಯೋಗಾಲಯ ಮೊದಲ ಮಹಡಿಯ ಕೊನೆಯ ಕೋಣೆ. ಮಧ್ಯದಲ್ಲಿ ಒಂದಡಿ ಎತ್ತರದ ಮರದ ಬೆಂಚು. ಪಕ್ಕದ ಸ್ಟೂಲಿನ ಮೇಲೆ ಕೀ ಕೊಡುವ ಹಳೆಯ ಮೆಟ್ರೊನೋಮ್, ಸಂಗೀತದವರು ಲಯಕ್ಕೆ ಇಟ್ಟುಕೊಳ್ಳುವ, ಕಡ್ಡಿ ಆಚೀಚೆ ತೂಗುವ ಯಂತ್ರ. ಅದರ ಟಕ್ಕಿಗೆ ಸರಿಯಾಗಿ ಬೆಂಚು ಹತ್ತಿ ಇಳಿಯಬೇಕು. ಸ್ಪ್ರಿಂಗು ಸಡಿಲವಾಗಿದ್ದರಿಂದ ನೆಲ ಕೊಂಚ ಅದುರಿದರೂ ತಾನಾಗಿ ಎರಡು ಮೂರು ಸಲ ಟಕ್, ಟಕ್ ಎಂದು ಸುಮ್ಮನಾಗುತ್ತಿತ್ತು. ಮೊದಲ ವಾರದಲ್ಲಿ ಹಾಗಾದದ್ದನ್ನು ಬರೆದಿಟ್ಟೆ: ಹನ್ನೊಂದು ಸಲ. ಅದರಲ್ಲಿ ನಾಲ್ಕು ಸಲ ಬೆಂಚಿನ ಹತ್ತಿರ ಯಾರೂ ಇರಲಿಲ್ಲ. ಇದನ್ನು ಹೇಳಿದಾಗ ಅವರು ನಗಲಿಲ್ಲ. "ಎಷ್ಟು ಜನ ಹತ್ತಿ ಇಳಿದಿದ್ದಾರೆ ಈ ಮರದ ಮೇಲೆ! ಕೆಲವರು ಹತ್ತಿದ್ದು ನೆನಪಿದೆ ನನಗೆ, ಇಳಿದದ್ದು ನೆನಪಿಲ್ಲ," ಎಂದರು. ಅಷ್ಟು ಹೇಳಿ ಮೇಜು ಒರೆಸತೊಡಗಿದರು.

ನಮ್ಮ ಕೆಲಸವೇ ಒಂದು ವಿಚಿತ್ರ ಕೆಲಸ. ಒಬ್ಬರ ದಮ್ಮು ಎಷ್ಟೆಂದು ಸರಿಯಾಗಿ ಅಳೆಯಬೇಕಾದರೆ ಅವರನ್ನು "ಇನ್ನು ಆಗದು" ಎನ್ನುವ ತನಕ ಓಡಿಸಬೇಕು. ಎಲ್ಲರನ್ನೂ ಹಾಗೆ ಓಡಿಸಲಾಗದು. ಆದ್ದರಿಂದ ನಾವು ಅರ್ಧಕ್ಕೇ ನಿಲ್ಲಿಸಿ ಕೊನೆಯನ್ನು ಊಹಿಸುತ್ತೇವೆ. ನಿಧಾನವಾಗಿ ಮೂರು ನಿಮಿಷ ಬೆಂಚು ಹತ್ತಿಸಿ ನಾಡಿ ಎಣಿಸುವುದು, ವೇಗವಾಗಿ ಮೂರು ನಿಮಿಷ ಹತ್ತಿಸಿ ಇನ್ನೊಮ್ಮೆ ಎಣಿಸುವುದು. ಗ್ರಾಫ್ ಹಾಳೆಯ ಮೇಲೆ ಎರಡು ಚುಕ್ಕೆ ಬೀಳುತ್ತವೆ. ಅವನ್ನು ಸೇರಿಸುವ ಗೆರೆಯನ್ನು ಮುಂದಕ್ಕೆ ಎಳೆಯುತ್ತಾ ಹೋದರೆ, ಆ ವಯಸ್ಸಿನ ಹೃದಯ ಬಡಿಯಬಹುದಾದ ಗರಿಷ್ಠಕ್ಕೆ ಅದು ಎಲ್ಲೋ ಒಂದು ಕಡೆ ಮುಟ್ಟುತ್ತದೆ. ಮುಟ್ಟಿದ ಜಾಗದಿಂದ ನೇರ ಕೆಳಗಿಳಿದರೆ ಸಿಗುವ ಅಂಕಿಯೇ ಆ ಮನುಷ್ಯನ ದಮ್ಮು. ಅವರು ಪೆನ್ಸಿಲು ಹಿಡಿದು ಈ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು.

"ಯಾರನ್ನೂ ಕೊನೆ ತನಕ ಕರಕೊಂಡು ಹೋಗಬಾರದು ಕಣ್ಣು," ಎಂದು ಅವರು ಹೇಳುತ್ತಿದ್ದರು. "ದೂರದಿಂದ ನೋಡಿ ವಾಪಸ್ ಬರಬೇಕು."

ಹೃದಯ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. "ಒಳಗಿರೋವರು" ಎನ್ನುತ್ತಿದ್ದರು, ಮನೆಯೊಳಗೆ ಇನ್ನೊಬ್ಬರು ಬಾಡಿಗೆಗೆ ಇದ್ದಾರೇನೋ ಎಂಬಂತೆ. "ಹೊರಗಿರೋವರು ಸಿಗರೇಟ್ ಇಲ್ಲ, ಕುಡಿಯಲ್ಲ ಅಂತ ಪೊಯ್, ಸುಳ್ಳು ಹೇಳ್ತಾರೆ. ಒಳಗಿರೋವರು ಹೇಳಲ್ಲ. ಅವರನ್ನ ಕೇಳೋಣ." ಆಮೇಲೆ ಕಣ್ಣು ಮುಚ್ಚಿ ಮಣಿಕಟ್ಟು ಹಿಡಿಯುವರು.

ಬೆಂಚು ಹತ್ತುವ ಮೊದಲು ಪ್ರತಿಯೊಬ್ಬರಿಗೂ ಆರು ಪ್ರಶ್ನೆ ಕೇಳಿ ಫಾರಂ ತುಂಬಿಸಬೇಕಿತ್ತು. ನಾಲ್ಕನೆಯದು: ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಅದನ್ನು ನಾನು ಒಂದು ಸಲ ಅವಸರದಲ್ಲಿ ಬಿಟ್ಟೆ. ತಿರುಪ್ಪೂರಿನ ಒಂದು ಬನಿಯನ್ ಕಾರ್ಖಾನೆಯಲ್ಲಿ, ಸಾಲಿನಲ್ಲಿ ಅರವತ್ತೆರಡು ಜನ ನಿಂತಿದ್ದ ದಿನ. ಅವರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಎಲ್ಲರೆದುರು ನಾಲ್ಕು ತುಂಡು ಮಾಡಿದರು. "ಕೆಲವು ಮಾತ್ರೆ ಒಳಗಿರೋವರ ಬಾಯಿ ಮುಚ್ಚತ್ತೆ. ನಾಲ್ಕನೇದು ಕೇಳಲಿಲ್ಲ ಅಂದ್ರೆ ನೀನು ಅಳೆದದ್ದು ಮನುಷ್ಯನನ್ನಲ್ಲ, ಮಾತ್ರೆಯನ್ನ." ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವರ ಬೆರಳಿನ ಬಗ್ಗೆ ಹಲವು ಕತೆಗಳಿದ್ದವು. ನಾನು ಕಣ್ಣಾರೆ ಕಂಡದ್ದು ಒಂದು. ಪೋತ್ತನೂರಿನ ರೈಲ್ವೆ ಕೆಲಸಗಾರರ ಬಡಾವಣೆಯಲ್ಲಿ ಶಿಬಿರ. ನಲವತ್ತು ದಾಟಿದ ಒಬ್ಬ ಫಿಟ್ಟರ್ ಬೆಂಚಿನ ಮುಂದೆ ನಿಂತು ತೊಡೆ ತಟ್ಟುತ್ತಾ, "ಸಾರ್, ನಾನು ಎಂಜಿನ್ನು ತಳ್ಳೋನು, ಈ ಪಲಗೆಗೆಲ್ಲ ಕೇರ್ ಮಾಡಲ್ಲ," ಎಂದು ತಮಿಳಿನಲ್ಲಿ ಜಂಬ ಕೊಚ್ಚಿದ. ಇವರು ಎಂದಿನಂತೆ ಮಣಿಕಟ್ಟು ಹಿಡಿದರು. ಹದಿನೈದು ಸೆಕೆಂಡಾಯಿತು, ಬಿಡಲಿಲ್ಲ. ನನ್ನ ಗಡಿಯಾರದಲ್ಲಿ ಒಂದು ನಿಮಿಷ ಹತ್ತು ಸೆಕೆಂಡು. ಕೊನೆಗೆ ಮೃದುವಾಗಿ ಕೇಳಿದರು: "ಜೊತೆಗೆ ಯಾರು ಬಂದಿದ್ದಾರೆ?"

"ಯಾಕೆ ಸಾರ್, ಹೆಣ್ಣು ಕೊಡ್ತೀರಾ?" ಎಂದು ಫಿಟ್ಟರ್ ನಕ್ಕ. ಯಾರೂ ನಗಲಿಲ್ಲ. ಬೆಂಚು ಹತ್ತಿಸದೆ, ಮಣಿಕಟ್ಟು ಬಿಡದೆ, ಮಗುವನ್ನು ಕರೆದೊಯ್ಯುವಂತೆ ಅವನನ್ನು ಆಟೋ ತನಕ ನಡೆಸಿಕೊಂಡು ಹೋಗಿ ಆಸ್ಪತ್ರೆಗೆ ಕಳಿಸಿದರು. ಐದು ವಾರದ ನಂತರ ಆತ ಪ್ರಯೋಗಾಲಯಕ್ಕೆ ಬಂದ, ಎದೆಯ ನಾಳಕ್ಕೆ ಸ್ಟೆಂಟು ಹಾಕಿಸಿಕೊಂಡು. ಬಾಗಿಲಲ್ಲೇ ಕೈ ಚಾಚಿ, "ಈಗ ಒಳಗೆ ಯಾರಿದ್ದಾರೆ ನೋಡಿ ಸಾರ್," ಎಂದ. ಇವರು ಹಿಡಿದು, ಕಿಟಕಿಯಾಚೆ ನೋಡಿ, "ಅದೇ ಆಳು. ಆದ್ರೆ ನಿಮ್ಮ ಮೇಲೆ ಮುನಿಸು ಹೋಗಿಲ್ಲ," ಎಂದರು.

ಆಗಸ್ಟಿನಲ್ಲಿ ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಮಕ್ಕಳಿಲ್ಲದ ಮನೆ, ಗಂಡ ಹೆಂಡತಿ ಇಬ್ಬರೇ. ಅವರ ಹೆಂಡತಿ ಬಡಿಸುತ್ತಾ ಹೇಳಿದ್ದು: "ಮದುವೆ ದಿನ ಕೈ ಹಿಡ್ಕೊಂಡ್ರು. ನಾನು ರೊಂಬ ನಾಚ್ಕೊಂಡು ತಲೆ ಬಗ್ಗಿಸಿದ್ರೆ ಇವರು ಕಿವಿ ಹತ್ರ ಬಂದು, 'ತೊಂಬತ್ತಾರು' ಅಂದ್ರು!"

"ನೂರು," ಎಂದರು ಅವರು, ತಲೆಯೆತ್ತದೆ.

ಆ ಪ್ರಯೋಗಾಲಯದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ತಿಂಗಳ ಒಂದನೆಯ ತಾರೀಕು ಅವರೇ ಬೆಂಚು ಹತ್ತುವರು, ನಾನು ಅವರ ನಾಡಿ ಎಣಿಸುವುದು. ದೇಹ ಅದೇ ಇದ್ದಾಗ ಅಂಕಿಯೂ ಅದೇ ಬರಬೇಕು. ಬಂದರೆ ಬೆಂಚು, ಮೆಟ್ರೊನೋಮ್, ಎಣಿಸುವವರ ಬೆರಳು ಎಲ್ಲವೂ ಸರಿ ಎಂದು ಅರ್ಥ. "ಅಂಗಡೀಲಿ ತೂಕದ ಬಟ್ಟು ಇರತ್ತಲ್ಲ, ಈ ಲ್ಯಾಬಿಗೆ ನಾನೇ ಬಟ್ಟು," ಎನ್ನುತ್ತಿದ್ದರು. ಆ ಹಾಳೆಗಳ ಹಳೆಯ ಕಟ್ಟನ್ನು ತಿರುವಿ ನೋಡಿದ್ದೇನೆ. ಅವರ ಅಂಕಿ ವರ್ಷಗಟ್ಟಲೆ ಮೂವತ್ತೇಳು, ಮೂವತ್ತೆಂಟು, ಮೂವತ್ತೇಳು ಎಂದು ಒಂದೇ ಕಡೆ ನಿಂತಿತ್ತು.

ಆಗಸ್ಟ್ 1ರಂದು ಹದಿನೈದು ಸೆಕೆಂಡಿಗೆ 28, ಆಮೇಲೆ 32. ದಮ್ಮು ಮೂವತ್ತೇಳು. ಸೆಪ್ಟೆಂಬರಿನಲ್ಲೂ ಅದೇ. ಅಕ್ಟೋಬರ್ 1ರಂದು 26 ಮತ್ತು 29. ನಾನು ತಪ್ಪು ಎಣಿಸಿದೆ ಎಂದುಕೊಂಡು ಮತ್ತೆ ಹತ್ತಿಸಿದೆ, ಅಷ್ಟೇ ಬಂತು. ಗೆರೆ ನಲವತ್ತೇಳಕ್ಕೆ ಹೋಗಿ ಮುಟ್ಟಿತು. "ಬೆಳಗ್ಗೆ ವಾಕಿಂಗ್ ಶುರು ಮಾಡಿದ್ದೀನಿ," ಎಂದರು. ದಮ್ಮು ಹೆಚ್ಚಿದವರ ಹೃದಯ ಅದೇ ಕೆಲಸಕ್ಕೆ ಕಡಿಮೆ ಬಡಿಯುತ್ತದೆ. ಅದು ನಾನು ಓದಿದ ಪಾಠ. ನಂಬಿದೆ. ನವೆಂಬರ್ 1ರಂದು 24 ಮತ್ತು 26. ಗೆರೆ ಎಷ್ಟು ಚಪ್ಪಟೆಯಾಗಿತ್ತೆಂದರೆ ಹಾಳೆ ಮುಗಿದರೂ ಅದು ಗರಿಷ್ಠವನ್ನು ಮುಟ್ಟಲಿಲ್ಲ. ಇನ್ನೊಂದು ಹಾಳೆ ಅಂಟಿಸಿ ಎಳೆದೆ. ಅರವತ್ತೈದು. ಅದು ಪದಕ ಗೆಲ್ಲುವ ಓಟದ ಹುಡುಗರ ಅಂಕಿ. ಅವರು ಬೆಂಚಿನ ಮೇಲೆ ಕೂತು ಆ ಜೋಡಿ ಹಾಳೆಯನ್ನು ಬಹಳ ಹೊತ್ತು ನೋಡಿದರು. "ನನ್ನ ಕೊನೆ ಪೇಪರಿಂದ ಹೊರಗೆ ಹೋಯ್ತಲ್ಲ ಕಣ್ಣು," ಎಂದರು.

ನಾಲ್ಕೂ ತಿಂಗಳ ಫಾರಂನಲ್ಲಿ ನಾಲ್ಕನೆಯ ಪ್ರಶ್ನೆಯ ಮುಂದೆ "ಇಲ್ಲ" ಎಂದಿದೆ. ಅಕ್ಷರ ನನ್ನದು. ಅವರನ್ನು ನಾನು ಕೇಳಿರಲಿಲ್ಲ. ಆ ಪ್ರಶ್ನೆ ಕಲಿಸಿದವರನ್ನೇ ಕೂರಿಸಿ ಕೇಳುವುದು ಉದ್ಧಟತನ ಎನಿಸಿ, ಪ್ರತಿ ಸಲವೂ ಆರು ಉತ್ತರವನ್ನೂ ನಾನೇ ತುಂಬಿದ್ದೆ.

ಆ ದಿನಗಳ ದಿನಚರಿಯನ್ನು ಈಗ ಓದಿದರೆ ಎಲ್ಲವೂ ಅಲ್ಲೇ ಇದೆ. ಮಹಡಿ ಮೆಟ್ಟಿಲು ಇಪ್ಪತ್ತೆರಡು. ಯಾವ ಕಾರಣವೂ ಇಲ್ಲದೆ, ಅಭ್ಯಾಸಬಲದಿಂದ, ಅವರು ಹತ್ತುವುದಕ್ಕೆ ಹಿಡಿಯುವ ಸಮಯವನ್ನು ನಾನು ಬರೆಯುತ್ತಿದ್ದೆ. ಆಗಸ್ಟಿನಲ್ಲಿ 19 ಸೆಕೆಂಡು, ಸೆಪ್ಟೆಂಬರಿನಲ್ಲಿ 20, ಅಕ್ಟೋಬರಿನಲ್ಲಿ 26, ನವೆಂಬರಿನಲ್ಲಿ 31. ಪರೀಕ್ಷೆಗೆ ಬಂದ ಹುಡುಗಿಯರು, "ಸಾರ್ ಕೈ ಐಸ್ ತರ ಇದೆ," ಎಂದು ಕೈ ಎಳೆದುಕೊಂಡದ್ದು ಅಕ್ಟೋಬರಿನಲ್ಲಿ ಏಳು ಸಲ. ಒಂದು ಬೆಳಿಗ್ಗೆ ಅವರೇ ಹೇಳಿದ ಕನಸು: "ಬೆಂಚು ಹತ್ತಿದೆ. ಇಳಿಯೋಣ ಅಂದ್ರೆ ಕೆಳಗೆ ಇನ್ನೊಂದು ಬೆಂಚು. ಅದನ್ನೂ ಹತ್ತಿದೆ. ಟಕ್ ಟಕ್ ಅಂತ ಇದೆ, ಯಾರೂ ನಿಲ್ಸಲ್ಲ. ಇಂಥದ್ದೇ ಬರತ್ತೆ ಈಗ, ದಿನಾ." ಗ್ರಾಫಿನಲ್ಲಿ ಒಬ್ಬ ಮನುಷ್ಯ ತಿಂಗಳಿಂದ ತಿಂಗಳಿಗೆ ಎಳೆಯನಾಗುತ್ತಿದ್ದ. ಮೆಟ್ಟಿಲ ಮೇಲೆ ಇನ್ನೊಬ್ಬ ಮುದುಕನಾಗುತ್ತಿದ್ದ. ಎರಡನ್ನೂ ನಾನೇ ಬರೆದಿದ್ದೆ, ಎದುರುಬದುರು ಪುಟಗಳಲ್ಲಿ.

ಅರವತ್ತೈದರ ಸುದ್ದಿ ನಮ್ಮ ವಿಭಾಗದ ಮುಖ್ಯಸ್ಥೆಗೆ ಮುಟ್ಟಿತು. ಅವರು ಫಾರಂ ನೋಡಿದರು, ಮಾತ್ರೆ ಇಲ್ಲ ಎಂದಿತ್ತು. "ಹಾಗಾದ್ರೆ ಇಪ್ಪತ್ತನೇ ತಾರೀಕು ಕಾಲೇಜು ನೋಡೋಕೆ ಹೊರಗಿನವರು ಬರ್ತಾರಲ್ಲ, ಅವರ ಎದುರೇ ಇವರಿಗೆ ಉಸಿರು ಅಳೆಯೋ ಮಾಸ್ಕ್ ಹಾಕಿ ಟ್ರೆಡ್‌ಮಿಲ್ ಮೇಲೆ ಕೊನೆ ತನಕ ಓಡಿಸೋಣ. ನಮ್ಮ ಅಂದಾಜು ಎಷ್ಟು ನಿಜ ಅಂತ ಗೊತ್ತಾಗಲಿ," ಎಂದರು. ಯಾರನ್ನೂ ಕೊನೆ ತನಕ ಒಯ್ಯಬಾರದು ಎನ್ನುತ್ತಿದ್ದವರು, "ಸರಿಂಗ ಮೇಡಂ," ಎಂದುಬಿಟ್ಟರು.

ನವೆಂಬರ್ 18. ಉಕ್ಕಡಂ ಬಸ್ ನಿಲ್ದಾಣದಲ್ಲಿ ಪೋತ್ತನೂರಿನ ಬಸ್ಸಿಗೆ ಕಾಯುತ್ತಾ ಇಬ್ಬರೂ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದೆವು. ಮೀನು ಮಾರ್ಕೆಟ್ಟಿನ ವಾಸನೆ, ಕೆರೆಯ ಕಡೆಯಿಂದ ತಣ್ಣನೆ ಗಾಳಿ. ನನ್ನ ತೊಡೆಯ ಮೇಲೆ ದಿನಚರಿ ತೆರೆದಿತ್ತು. ಅವರು ಬಗ್ಗಿ ಒಂದು ಸಾಲು ಅಂಕಿಗಳ ಮೇಲೆ ಬೆರಳಿಟ್ಟರು.

"19, 20, 26, 31. ಇದು ಯಾರ ನಾಡಿ?"

"ನಾಡಿ ಅಲ್ಲ ಸಾರ್. ನೀವು ಮೆಟ್ಟಿಲು ಹತ್ತೋ ಟೈಮು."

ಅವರು ಬೆರಳು ತೆಗೆಯಲಿಲ್ಲ. ಎರಡು ಬಸ್ಸು ಬಂದು ಹೋದವು. ಆಮೇಲೆ ಅಂಗಿ ಜೇಬಿನಿಂದ ಮಾತ್ರೆಯ ಒಂದು ಪಟ್ಟಿ ತೆಗೆದು ಆ ಪುಟದ ಮೇಲೆ ಇಟ್ಟರು. ಹೆಸರು ಓದಿದೆ. ಹೃದಯದ ಬಡಿತ ಏರದಂತೆ ತಡೆಹಿಡಿಯುವ ಮಾತ್ರೆ. ಎಷ್ಟೇ ಹತ್ತಿಸಿ, ಎಷ್ಟೇ ಓಡಿಸಿ, ನಾಡಿ ಅಷ್ಟಾಗಿ ಏರುವುದಿಲ್ಲ. ಏರದ ನಾಡಿಯ ಗೆರೆ ಎಳೆದರೆ ಕಾಯಿಲೆಯ ಮನುಷ್ಯ ಕಾಗದದ ಮೇಲೆ ಓಟಗಾರನಾಗುತ್ತಾನೆ.

"ಸೆಪ್ಟೆಂಬರ್ ಕೊನೇಲಿ ಎದೆ ಹಿಡೀತು. ಡಾಕ್ಟರ್ ಇದು ಕೊಟ್ರು. ಆಮೇಲೆ ಡೋಸ್ ಜಾಸ್ತಿ ಮಾಡಿದ್ರು," ಎಂದರು. ಆಮೇಲೆ ನಿಧಾನವಾಗಿ: "ನಾಲ್ಕನೇದು ನೀನು ಕೇಳ್ಲೇ ಇಲ್ಲ ಕಣ್ಣು. ಎರಡು ತಿಂಗಳು ಕಾದೆ."

"ಕೇಳಿದ್ರೆ ಹೇಳ್ತಿದ್ರಾ ಸಾರ್?"

"ಅದು ಗೊತ್ತಿಲ್ಲ. ನಿನ್ನ ಕೆಲಸ ಕೇಳೋದು."

ನಾಡಿದ್ದಿನ ಓಟ ಬೇಡ, ಮೇಡಂಗೆ ಹೇಳೋಣ ಎಂದು ನಾನು ಹೇಳಿದೆ. ಅವರು ನನ್ನ ಮಣಿಕಟ್ಟು ಹಿಡಿದರು, ಎಣಿಸಲು ಅಲ್ಲ. "ಹೇಳಿದ್ರೆ ನನ್ನ ಆ ರೂಮಿಂದ ತೆಗೀತಾರೆ. ಎದೆ ನೋವಿನವನು ಬೇರೆಯವರ ಟೆಸ್ಟ್ ಮಾಡಬಾರದು ಅಂತ ರೂಲ್ ಇದೆ, ಬರೆದವನೇ ನಾನು. ಇನ್ನೆರಡು ವರ್ಷ. ಆ ರೂಮ್ ಬಿಟ್ಟು ಕೂತ್ರೆ ನಾನು ಯಾರ ಕೈ ಹಿಡೀಲಿ? ನಾಡಿದ್ದು ಆರು ನಿಮಿಷ ಓಡ್ತೀನಿ, ಕಾಲು ನೋವು ಅಂತ ನಿಲ್ಲಿಸ್ತೀನಿ. ಎಲ್ಲಿ ನಿಲ್ಲಬೇಕು ಅಂತ ನನಗೆ ಗೊತ್ತು."

ಗೊತ್ತಾಗುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಎಲ್ಲಿ ನಿಲ್ಲಬೇಕು ಎಂದು ಹೇಳಬೇಕಾದವರ ಬಾಯಿಯನ್ನೇ ಆ ಮಾತ್ರೆ ಮುಚ್ಚಿತ್ತು.

ನವೆಂಬರ್ 20. ಹೊರಗಿನವರು ಐದು ಜನ ಗೋಡೆಗೆ ಒರಗಿ ನಿಂತಿದ್ದರು. ಸಾರ್ ಬಿಳಿ ಬನಿಯನ್ ಹಾಕಿಕೊಂಡು ಟ್ರೆಡ್‌ಮಿಲ್ ಏರಿದರು. ಮಾಸ್ಕ್ ಕೈಯಲ್ಲಿತ್ತು. ಮುಖ್ಯಸ್ಥೆ, "ಫಾರಂ ಇದೆಯಲ್ಲ, ಶುರು ಮಾಡಮ್ಮ," ಎಂದರು. ಪಟ್ಟೆ ನಿಧಾನವಾಗಿ ತಿರುಗತೊಡಗಿತು, ಅವರು ನಡೆಯತೊಡಗಿದರು. ನಾನು ಹೊಸ ಫಾರಂ ತೆಗೆದೆ.

"ಸಾರ್, ನಾಲ್ಕನೇ ಪ್ರಶ್ನೆ. ಯಾವುದಾದರೂ ಮಾತ್ರೆ ತಗೋತಾ ಇದ್ದೀರಾ?"

ಅವರು ನಡೆಯುತ್ತಲೇ ನನ್ನನ್ನು ನೋಡಿದರು. ಮುಖ್ಯಸ್ಥೆ, "ಅದೆಲ್ಲ ಆಗಿದೆಯಲ್ಲ," ಎಂದರು. ನಾನು ಪೆನ್ನು ಹಿಡಿದು ನಿಂತೇ ಇದ್ದೆ. ಪಟ್ಟೆಯ ಅದುರುವಿಕೆಗೆ ಮೂಲೆಯ ಮೆಟ್ರೊನೋಮ್ ಟಕ್ ಎಂದಿತು, ಇನ್ನೊಮ್ಮೆ ಎಂದಿತು, ಮತ್ತೆ ನಿಲ್ಲಲೇ ಇಲ್ಲ. ಅಷ್ಟು ದೀರ್ಘವಾಗಿ ಅದು ತಾನಾಗಿ ನಡೆದದ್ದು ನನ್ನ ಲೆಕ್ಕದಲ್ಲಿ ಬೇರೆ ಯಾವ ದಿನವೂ ಇಲ್ಲ. ಅವರು ಆ ಟಕ್ಕಿಗೆ ಹೆಜ್ಜೆ ಹಾಕುತ್ತಿರುವುದನ್ನು ಕಂಡೆ. ಆಮೇಲೆ, "ಇದೆ. ಬರ್ಕೋ," ಎಂದು ಮಾತ್ರೆಯ ಹೆಸರು, ಡೋಸು, ಶುರುವಾದ ತಾರೀಕು ಎಲ್ಲವನ್ನೂ ಒಂದೊಂದಾಗಿ, ಪಾಠ ಹೇಳಿಕೊಡುವಂತೆ ಹೇಳಿದರು. ಇಳಿದು, ಅಂಗಿ ಹಾಕಿಕೊಂಡು ಹೊರಗೆ ಹೋದರು. ಟ್ರೆಡ್‌ಮಿಲ್ ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ. ಖಾಲಿ ಪಟ್ಟೆ ತಿರುಗುತ್ತಲೇ ಇತ್ತು.

ಅವರನ್ನು ಗ್ರಂಥಾಲಯಕ್ಕೆ ಹಾಕಿದರು. ವಾರಕ್ಕೆ ಎರಡು ಮೂರು ದಿನ ಮಾತ್ರ ಬರುತ್ತಿದ್ದರು. ಅಲ್ಲಿ ಅವರು ಎಲ್ಲರಿಗೂ ಸಾಮಾನ್ಯರಂತೆ ಕೈ ಕುಲುಕುತ್ತಿದ್ದರು. ಅದನ್ನು ನೋಡಲಾಗುತ್ತಿರಲಿಲ್ಲ. ನಾನು ಹೋಗಿ ನಿಂತಾಗ, "ಟೀ ಆಯ್ತಾ?" ಎನ್ನುವರು, ಅಷ್ಟೇ. ಡಿಸೆಂಬರ್ 1ರಂದು ಹೋಗಿ ಅವರ ಕೈಗೆ ಕೈ ಚಾಚಿದೆ. "ಬೇಡ. ಬಟ್ಟು ಸವೆದು ಹೋಗಿದೆ. ಹೊಸದು ಹುಡುಕ್ಕೋ," ಎಂದು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡರು. ಅವರು ನನ್ನನ್ನು ಮತ್ತೆ ಕಣ್ಣು ಎಂದು ಕರೆಯಲಿಲ್ಲ.

ಮಾರ್ಚ್ 22ರ ಬೆಳಿಗ್ಗೆ ಅವರ ಹೆಂಡತಿ ಫೋನ್ ಮಾಡಿದರು. ಕಾಫಿ ಕುಡಿದು ಲೋಟ ಕೆಳಗಿಟ್ಟರಂತೆ, ಹಾಗೇ ಕುರ್ಚಿಗೆ ಒರಗಿದರಂತೆ. ನಾನು ಆರ್.ಎಸ್. ಪುರಂ ತಲುಪಿದಾಗ ಡಾಕ್ಟರ್ ಬಂದು ಹೋಗಿದ್ದರು. ದೇಹ ಇಡುವ ಐಸ್ ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಅಕ್ಕಪಕ್ಕದವರು ಹೂವಿಗೆ, ಫೋನಿಗೆ ಎಂದು ಹೊರಗಿದ್ದರು. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು, ಅಳುತ್ತಿರಲಿಲ್ಲ.

"ನನ್ನ ಮೇಲೆ ಕೋಪ ಇತ್ತಾ ಆಂಟಿ?" ಎಂದು ಕೇಳಿದೆ.

"ಇತ್ತು. ಪೊಯ್ ಯಾಕೆ ಹೇಳ್ಲಿ," ಎಂದರು. "ಓಡಬೇಡಿ ಅಂತ ನಾನು ಎಷ್ಟು ಹೇಳಿದ್ರೂ ಕೇಳಿರಲಿಲ್ಲ. ನೀನು ಆ ಪ್ರಶ್ನೆ ಕೇಳಿದ್ದಕ್ಕೆ ಬಂದ್ರು ಮನೆಗೆ. ನಾಲ್ಕು ತಿಂಗಳು ನಿನ್ನ ಮೇಲೆ ಕೋಪ ಮಾಡ್ಕೊಂಡು ಇದೇ ಕುರ್ಚೀಲಿ ಕೂತಿದ್ರು, ನನ್ನ ಎದುರಿಗೆ. ನನಗೆ ಅದು ಸಾಕು."

ಪಕ್ಕದಲ್ಲಿ ಕೂತೆ. ಕೈ ತಾನಾಗಿ ಹೋಯಿತು. ಎರಡು ಬೆರಳು, ಹೆಬ್ಬೆರಳಿನ ಬುಡದ ಕೆಳಗೆ. ತಣ್ಣಗಿತ್ತು. ಆದರೆ ತಿಂಗಳುಗಳಿಂದ ಆ ಕೈ ತಣ್ಣಗೇ ಇತ್ತು. ಗಟ್ಟಿಯಾಗಿ ಒತ್ತಿದೆ. ಬಡಿಯಿತು. ಸ್ಪಷ್ಟವಾಗಿ, ಬೆರಳ ತುದಿಗೆ, ಒಂದರ ಹಿಂದೆ ಒಂದು. ಗೋಡೆ ಗಡಿಯಾರ ನೋಡುತ್ತಾ ಹದಿನೈದು ಸೆಕೆಂಡು ಎಣಿಸಿದೆ.

ಅವರ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದರು. "ಎಷ್ಟು ಬಂತು?" ಎಂದು ಕೇಳಿದರು, ಬಹಳ ಸಹಜವಾಗಿ.

"ಇಪ್ಪತ್ನಾಲ್ಕು," ಎಂದೆ.

ಅವರು ಸ್ವಲ್ಪ ಯೋಚಿಸಿ ತಲೆಯಾಡಿಸಿದರು. "ಅಷ್ಟು ಬರಲ್ಲ ಕಣ್ಣು. ಆ ಮಾತ್ರೆ ಶುರುವಾದ ಮೇಲೆ ಕೂತಿದ್ದಾಗ ಅವರಿಗೆ ಹದಿಮೂರು ದಾಟಿದ್ದೇ ಇಲ್ಲ. ದಿನಾ ನಾನೇ ಎಣಿಸ್ತಿದ್ದೆ. ಅದು ನಿಂದು. ಬೆರಳು ಅಷ್ಟು ಒತ್ತಿದ್ರೆ ನಿಂದೇ ಬರೋದು. ಬಿಡು."

ಬಿಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬಿಡುವ ತನಕ ಅದು ಬಡಿಯುತ್ತಲೇ ಇತ್ತು.